ಹಳೆ ಕಮೋಡ್ ತೆಗೆದು ಹೊಸದು ಕೂರಿಸಿದ್ದು: ಅಳತೆಯಿಂದ ಸೀಟಿನ ತನಕ

ಮನೆಯ ಹಳೆ ಕಮೋಡ್ ತೆಗೆದು ಹೊಸದು ಕೂರಿಸಿ ಆಯಿತು. ಹಳೆಯದು ಒಡೆದಿರಲಿಲ್ಲ, ಬಿರುಕೂ ಬಿಟ್ಟಿರಲಿಲ್ಲ. ಟ್ಯಾಂಕಿನೊಳಗಿನ ವಾಲ್ವ್ ಸದಾ ಸೋರುತ್ತಿತ್ತು. ಅದಕ್ಕೆ ಹೊಂದುವ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಸೀಟ್ ಮುರಿದಿತ್ತು, ಅದರ ವಿಚಿತ್ರ ಆಕಾರಕ್ಕೆ ಬೇರೆ ಸೀಟ್ ಕೂರುತ್ತಿರಲಿಲ್ಲ. ಪಿಂಗಾಣಿ ಗಟ್ಟಿಮುಟ್ಟಾಗಿದ್ದರೂ ಇಡೀ ಕಮೋಡನ್ನೇ ಬಿಸಾಡಬೇಕಾಯಿತು.

ಹೊಸದನ್ನು ಆರಿಸುವಾಗ ಇದೇ ತಲೆಯಲ್ಲಿತ್ತು. ಕಮೋಡಿನ ಪಿಂಗಾಣಿಯನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟಿರುತ್ತಾರೆ. ಮೇಲೆ ಭಾರವಾದದ್ದು ಬೀಳದಿದ್ದರೆ, ಬೋಲ್ಟನ್ನು ಅತಿಯಾಗಿ ಬಿಗಿಯದಿದ್ದರೆ, ಅದು ದಶಕಗಟ್ಟಲೆ ಬಾಳುತ್ತದೆ. ಕೆಡುವುದು ರಬ್ಬರ್ ವಾಷರ್, ಟ್ಯಾಂಕ್ ತುಂಬಿದಾಗ ತೇಲಿ ನೀರು ನಿಲ್ಲಿಸುವ ಫ್ಲೋಟ್, ಸೀಟಿನ ಹಿಂಜ್. ಎಷ್ಟು ದುಡ್ಡು ಕೊಟ್ಟು ತಂದರೂ ಇವು ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತವೆ. ಹಾಗಾಗಿ ಚಂದ, ಹೊಳಪು ಎಲ್ಲ ಆಮೇಲೆ. ಕೆಟ್ಟ ಭಾಗಕ್ಕೆ ಕೈ ಎಟುಕುತ್ತಾ, ಅದು ಬಿಡಿಯಾಗಿ ಸಿಗುತ್ತಾ ಅನ್ನೋದನ್ನು ಮೊದಲು ನೋಡಿದೆ.

ಅಳತೆ

ಮಾಡೆಲ್ ನೋಡುವ ಮೊದಲು ಟೇಪ್ ಹಿಡಿದೆ. ಮಲಿನ ನೀರು ನೆಲಕ್ಕೆ ಇಳಿಯುತ್ತದೋ ಗೋಡೆಗೆ ಹೋಗುತ್ತದೋ ಅನ್ನೋದು ಮೊದಲ ಪ್ರಶ್ನೆ. ನೆಲಕ್ಕಾದರೆ ಎಸ್-ಟ್ರ್ಯಾಪ್, ಗೋಡೆಗಾದರೆ ಪಿ-ಟ್ರ್ಯಾಪ್. ನಮ್ಮದು ಎಸ್-ಟ್ರ್ಯಾಪ್. ಇದರಲ್ಲಿ ಹಿಂಬದಿ ಗೋಡೆಯಿಂದ ನೆಲದ ಪೈಪಿನ ನಟ್ಟನಡುವಿನ ತನಕ ಎಷ್ಟು ದೂರ ಅನ್ನೋದೇ ಎಲ್ಲ. ಗೋಡೆ ಅಂದರೆ ಟೈಲ್ಸಿನ ಮೇಲ್ಮೈ, ಒಳಗಿನ ಇಟ್ಟಿಗೆ ಅಲ್ಲ. 305 ಮಿ.ಮೀ., ಅಂದರೆ 12 ಇಂಚು, ಬಹಳ ಕಡೆ ಕಾಣುವ ಅಳತೆ. 220 ಮಿ.ಮೀ. ಆಸುಪಾಸಿನವೂ ಇವೆ. ಕಮೋಡಿನ ಅಳತೆ ಪೈಪಿನದಕ್ಕಿಂತ ಜಾಸ್ತಿಯಾದರೆ ಕಮೋಡ್ ಕೂರುವುದೇ ಇಲ್ಲ, ಹಿಂದೆ ಗೋಡೆ ತಡೆಯುತ್ತದೆ. ಕಡಿಮೆಯಾದರೆ ಕೂರುತ್ತದೆ, ಆದರೆ ಟ್ಯಾಂಕಿನ ಹಿಂದೆ ಖಾಲಿ ಜಾಗ ಉಳಿಯುತ್ತದೆ. ಪಿ-ಟ್ರ್ಯಾಪ್ ಆದರೆ ನೆಲದ ಟೈಲ್ಸಿನಿಂದ ಪೈಪಿನ ನಡುವಿನ ತನಕದ ಎತ್ತರ ಅಳೆಯಬೇಕು. ಅದು ಸಾಮಾನ್ಯವಾಗಿ 180 ಮಿ.ಮೀ. ಇರುತ್ತದೆ.

ಹಳೆ ಕಮೋಡ್ ತೆಗೆಯದೆಯೂ ಇದನ್ನು ಅಂದಾಜು ಮಾಡಬಹುದು. ಪೈಪಿನ ಬಾಯಿಗೆ ಫ್ಲ್ಯಾಂಜ್, ಅಂದರೆ ಬೋಲ್ಟ್ ಕೂರುವ ಬಳೆ, ಹಾಕಿ ಅದರ ಬೋಲ್ಟಿಗೇ ಕಮೋಡ್ ಕಟ್ಟಿದ್ದರೆ, ಎರಡು ಬದಿಯ ಬೋಲ್ಟುಗಳ ನಡುಬಿಂದುವೇ ಪೈಪಿನ ನಡು. ನಮ್ಮದರಲ್ಲಿ ಫ್ಲ್ಯಾಂಜ್ ಇಲ್ಲ, ಬುಡವನ್ನು ಸೀದಾ ನೆಲಕ್ಕೆ ಸ್ಕ್ರೂ ಮಾಡಿದ್ದರು. ಹಾಗಿದ್ದಾಗ ಸ್ಕ್ರೂ ಜಾಗವನ್ನು ನಂಬಿ ಅಳೆಯಬಾರದು. ಹಳೆಯದನ್ನು ತೆಗೆದು ಪೈಪನ್ನೇ ಅಳೆದು, ಆಮೇಲೆ ಹೊಸದನ್ನು ತರುವುದು ಸುರಕ್ಷಿತ. ಮನೆಯಲ್ಲಿ ಇನ್ನೊಂದು ಟಾಯ್ಲೆಟ್ ಇದ್ದರೆ ಮಾತ್ರ ಈ ಸಲಹೆ ನಡೆಯುತ್ತದೆ, ಅದು ಬೇರೆ ಮಾತು.

ಅಕ್ಕಪಕ್ಕದ ಜಾಗವನ್ನೂ ಅಳೆಯಿರಿ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಕಡಿಮೆ ಅಂದರೂ 380 ಮಿ.ಮೀ. ಬೇಕು, ಇಲ್ಲದಿದ್ದರೆ ಮೊಣಕೈ ಗೋಡೆಗೆ ತಾಗುತ್ತದೆ. ಮುಂದೆ 530 ಮಿ.ಮೀ. ಕನಿಷ್ಠ, 600 ಇದ್ದರೆ ಆರಾಮ. ಬಾಗಿಲು ಒಳಕ್ಕೆ ತೆರೆಯುವುದಾದರೆ ಹೊಸ ಕಮೋಡಿನ ಮೂತಿಗೆ ತಾಗುತ್ತದೋ ಎಂದು ನೋಡಿ. ನೆಲದ ಮೇಲೆ ಹಳೆ ಪೇಪರನ್ನು ಕಮೋಡಿನ ಉದ್ದಕ್ಕೆ ಕತ್ತರಿಸಿಟ್ಟು ಬಾಗಿಲು ತೆಗೆದು ಹಾಕಿದೆ. ಉದ್ದದ ಮಾಡೆಲುಗಳೆಲ್ಲ ಅಲ್ಲಿಗೇ ಪಟ್ಟಿಯಿಂದ ಹೊರಗೆ.

ಯಾವ ಥರದ ಫ್ಲಶ್

ಕಮೋಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ವಾಷ್‌ಡೌನ್‌ನಲ್ಲಿ ನೀರು ಮೇಲಿಂದ ಜೋರಾಗಿ ಬಂದು ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ. ಸೈಫನ್ ಥರದ್ದರಲ್ಲಿ ಒಳಗಿನ ಬಾಗಿದ ದಾರಿ ಪೂರ್ತಿ ನೀರು ತುಂಬಿ ಎಳೆತ ಶುರುವಾಗುತ್ತದೆ, ಡ್ರಮ್ಮಿನಿಂದ ಪೈಪ್ ಹಾಕಿ ನೀರು ಎಳೆದ ಹಾಗೆ. ಸೈಫನ್ನಿನಲ್ಲಿ ನಿಂತ ನೀರಿನ ಹರವು ದೊಡ್ಡದು, ಹಾಗಾಗಿ ಪಿಂಗಾಣಿಗೆ ಕಲೆ ಅಂಟುವುದು ಕಡಿಮೆ. ಆದರೆ ಎಳೆತ ಹುಟ್ಟಬೇಕಾದರೆ ದಾರಿ ಉದ್ದಕ್ಕೆ, ಕಿರಿದಾಗಿ, ತಿರುವಿನಿಂದ ಕೂಡಿರಬೇಕು. ಅದರ ಅಗಲ ಸುಮಾರು 50 ಮಿ.ಮೀ. ಅಷ್ಟೇ. ವಾಷ್‌ಡೌನ್ ದಾರಿ ಅದಕ್ಕಿಂತ ಸಾಕಷ್ಟು ಅಗಲ, ಉದ್ದವೂ ಕಮ್ಮಿ. ಕಟ್ಟಿಕೊಳ್ಳುವುದು ಅಪರೂಪ. ಬದಲಿಗೆ ಬ್ರಷ್ ಕೆಲಸ ಸ್ವಲ್ಪ ಜಾಸ್ತಿ.

ಮಕ್ಕಳಿರುವ ಮನೆ. ಒಳಗೆ ಏನೇನು ಬೀಳುತ್ತದೋ ಯಾರಿಗೆ ಗೊತ್ತು? ನಾನು ವಾಷ್‌ಡೌನ್ ತಗೊಂಡೆ. ಬ್ರಷ್ ಹಿಡಿಯೋದು ಬೇಸರದ ಕೆಲಸ ನಿಜ, ಆದರೆ ಕಟ್ಟಿಕೊಂಡ ಕಮೋಡಿಗೆ ತಂತಿ ತೂರಿಸುವುದಕ್ಕಿಂತ ಎಷ್ಟೋ ವಾಸಿ.

ನೀರಿನ ಲೆಕ್ಕಕ್ಕೆ ಬಂದರೆ, ಈಗ ಸಿಗುವವು ಬಹುತೇಕ ಎರಡು ಬಟನ್ನಿನವು. ದೊಡ್ಡದಕ್ಕೆ 6 ಅಥವಾ 4.5 ಲೀಟರ್, ಚಿಕ್ಕದಕ್ಕೆ 3 ಲೀಟರ್. ಈ ಎರಡು ಬಟನ್ನಿನ ಪದ್ಧತಿಯನ್ನು 1980ರಲ್ಲಿ ಆಸ್ಟ್ರೇಲಿಯಾದ ಕರೋಮಾ ಕಂಪನಿ ತಂದಾಗ ಅದು 11 ಮತ್ತು 5.5 ಲೀಟರ್ ಇತ್ತು. ಅಮೆರಿಕದಲ್ಲಿ 1994ರಿಂದ ಮನೆ ಬಳಕೆಯ ಹೊಸ ಕಮೋಡುಗಳಿಗೆ ಸುಮಾರು 6 ಲೀಟರಿನ ಮಿತಿ ಬಂತು. ಆಗ ಬಂದ ಎಷ್ಟೋ ಮಾಡೆಲುಗಳಲ್ಲಿ ಒಂದು ಸಲದ ಫ್ಲಶ್ ಸಾಲದೆ ಜನ ಎರಡೆರಡು ಸಲ ಒತ್ತುತ್ತಿದ್ದರು. ಉಳಿಸಿದ ನೀರೆಲ್ಲ ಅಲ್ಲೇ ಹೋಯಿತು. ಒಂದು ಬೌಲಿನ ತಿರುವು, ಇಳಿಜಾರು ಎಲ್ಲವೂ ಇಷ್ಟು ನೀರಿಗೆ ಅಂತಲೇ ರೂಪಿಸಿದ್ದು. ಹಳೆ ಟ್ಯಾಂಕಿನೊಳಗೆ ಇಟ್ಟಿಗೆ ಇಟ್ಟು ನೀರು ಉಳಿಸುವ ಉಪಾಯ ಸರಿಯಾಗಿ ಕೆಲಸ ಮಾಡದಿರುವುದೂ ಇದಕ್ಕೇ. ಜೊತೆಗೆ ಇಟ್ಟಿಗೆಯ ಪುಡಿ ವಾಲ್ವಿನ ರಬ್ಬರಿನಡಿ ಸೇರಿ ಸೋರಿಕೆ ಬೇರೆ.

ಫ್ಲಶ್ ಎಷ್ಟು ಜೋರು ಅನ್ನೋದನ್ನು ಅಂಗಡಿಯಲ್ಲಿ ನೋಡಿ ಹೇಳಲಾಗದು. 2003ರಲ್ಲಿ ಉತ್ತರ ಅಮೆರಿಕದಲ್ಲಿ ಶುರುವಾದ ಮ್ಯಾಪ್ ಅನ್ನುವ ಪರೀಕ್ಷೆ ಇದೆ. ಸೋಯಾಬೀನ್ ಪೇಸ್ಟಿನ ಉಂಡೆಗಳನ್ನು ಹಾಕಿ, ಒಂದೇ ಫ್ಲಶ್ಶಿಗೆ ಎಷ್ಟು ಗ್ರಾಂ ಹೋಗುತ್ತದೆ ಎಂದು ತೂಗುತ್ತಾರೆ. ನೀರು ಉಳಿಸುವ ಸಾಮಾನಿಗೆ ಅಮೆರಿಕದಲ್ಲಿ ಕೊಡುವ ವಾಟರ್‌ಸೆನ್ಸ್ ಗುರುತು ಸಿಗಲು ಕನಿಷ್ಠ 350 ಗ್ರಾಂ ಹೋಗಬೇಕು. ಪರೀಕ್ಷೆ 1000 ಗ್ರಾಂ ತನಕ ನಡೆಯುತ್ತದೆ. ಆ ಅಂಕಿ ಸಿಕ್ಕರೆ ನೋಡಿ. ಸಿಗದಿದ್ದರೆ ಇನ್ನೊಂದು ದಾರಿ: ಕಮೋಡಿನ ಹಿಂಬದಿಯ ಬಾಯಿಗೆ ಬೆರಳು ಹಾಕಿ ಸವರಿ. ಒಳದಾರಿಯೂ ಬೌಲಿನಷ್ಟೇ ನುಣುಪಾಗಿದ್ದರೆ ಅಲ್ಲೂ ಗ್ಲೇಜ್, ಅಂದರೆ ಗಾಜಿನಂಥ ನುಣುಪು ಲೇಪ, ಹಾಕಿದ್ದಾರೆ ಅಂತ. ಒರಟಾಗಿದ್ದರೆ ಅಲ್ಲೇ ಕೊಳೆ ಹಿಡಿಯಲು ಶುರು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಗೋಡೆಗೆ ತೂಗುವ ಕಮೋಡನ್ನೂ ಯೋಚಿಸಿದ್ದೆ. ಕೆಳಗೆ ನೆಲ ಒರೆಸುವುದು ಬಹಳ ಸುಲಭ. ಗಟ್ಟಿತನದ ಭಯವೂ ಬೇಡ, ಯುರೋಪಿನ ಮಾನದಂಡದಲ್ಲಿ ಅದನ್ನು 400 ಕಿಲೋ ಭಾರಕ್ಕೆ ಪರೀಕ್ಷಿಸುತ್ತಾರೆ. ಆದರೆ ಟ್ಯಾಂಕ್ ಗೋಡೆಯೊಳಗೆ. ರಿಪೇರಿ ಏನಿದ್ದರೂ ಬಟನ್ ಪ್ಲೇಟಿನ ಕಿಂಡಿಯಿಂದಲೇ ಮಾಡಬೇಕು. ಬಿಡಿಭಾಗವೂ ಆ ಕಂಪನಿಯದ್ದೇ ಆಗಬೇಕು. ಬಿಡಿಭಾಗ ಸಿಗದೆ ಒಂದು ಕಮೋಡ್ ಕಳೆದುಕೊಂಡವನಿಗೆ ಅದು ಇಷ್ಟವಾಗಲಿಲ್ಲ. ಟ್ಯಾಂಕೂ ಬೌಲೂ ಒಂದೇ ಆಗಿರುವ ಒನ್-ಪೀಸ್ ಕಮೋಡ್ ಒರೆಸಲು ಸುಲಭ. ಆದರೆ ಸುಮಾರು 40 ಕಿಲೋ ತೂಕ, ಟ್ಯಾಂಕ್ ಬಿರುಕು ಬಿಟ್ಟರೆ ಎಲ್ಲವೂ ಹೋದ ಹಾಗೆ. ಕೊನೆಗೆ ಟೂ-ಪೀಸ್. ಟ್ಯಾಂಕಿನ ಮುಚ್ಚಳ ಎತ್ತಿದರೆ ಎಲ್ಲ ಕಣ್ಣೆದುರಿಗೇ ಇರುತ್ತದೆ.

ಎತ್ತರದ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ಚರ್ಚೆ ಆಯಿತು. ಸಾಮಾನ್ಯ ಕಮೋಡಿನ ಅಂಚು ನೆಲದಿಂದ 400 ಮಿ.ಮೀ. ಸುಮಾರು. ಎತ್ತರದ ಮಾಡೆಲುಗಳಲ್ಲಿ ಸೀಟಿನ ತನಕ 430ರಿಂದ 480 ಮಿ.ಮೀ. ಇರುತ್ತದೆ. ಅಮ್ಮನಿಗೆ ಮಂಡಿ ನೋವು, ಎದ್ದೇಳಲು ಎತ್ತರದ್ದೇ ಬೇಕು. ಮಕ್ಕಳ ಕಾಲು ಅದರಲ್ಲಿ ನೇತಾಡುತ್ತದೆ, ಪಾದ ಊರದೆ ತಿಣುಕಲು ಆಗುವುದಿಲ್ಲ. ಮಕ್ಕಳಿಗೆ ಸ್ಟೂಲ್ ಇಡಬಹುದು, ಮಂಡಿಗೆ ಏನು ಇಡೋದು? ಎತ್ತರದ್ದೇ ಬಂತು.

ಸೀಟ್

ಬೌಲಿಗೆ ಅಷ್ಟೆಲ್ಲ ಯೋಚಿಸಿ, ಸೀಟನ್ನು ಮಾತ್ರ ಜೊತೆಗೆ ಬಂದದ್ದು ಬರಲಿ ಅಂತ ಬಿಡುವವರೇ ಜಾಸ್ತಿ. ಆದರೆ ದಿನವೂ ಮೈಗೆ ತಾಗುವುದು, ಎತ್ತಿ ಇಳಿಸುವುದು, ಮೊದಲು ಮುರಿಯುವುದು ಎಲ್ಲ ಸೀಟೇ.

ಮೂರು ಅಳತೆ ಬರೆದುಕೊಂಡೆ. ಹಿಂಬದಿಯ ಎರಡು ತೂತುಗಳ ನಡುವಿನ ದೂರ, ಆ ತೂತುಗಳ ನಡುಗೆರೆಯಿಂದ ಮುಂದಿನ ಅಂಚಿನ ತನಕದ ಉದ್ದ, ಅತಿ ಅಗಲವಾದ ಕಡೆಯ ಅಗಲ. ತೂತಿನ ದೂರ ಹೆಚ್ಚಾಗಿ 155 ಮಿ.ಮೀ. ಇರುತ್ತದೆ. ಅಮೆರಿಕದ ಕಮೋಡುಗಳಲ್ಲಿ 140. ಎಷ್ಟೋ ಹಿಂಜ್‌ಗಳನ್ನು ಒಂದಿಷ್ಟು ಆಚೀಚೆ ಸರಿಸಬಹುದು, ಹಾಗಾಗಿ ಸ್ವಲ್ಪ ವ್ಯತ್ಯಾಸ ಇದ್ದರೂ ನಡೆಯುತ್ತದೆ. ಆಕಾರ ಮಾತ್ರ ಸರಿಸಲು ಬರುವುದಿಲ್ಲ. ಮೊಟ್ಟೆಯಾಕಾರ, ಡಿ ಆಕಾರ, ಚೌಕಾಕಾರ ಅಂತ ಇವೆ. ಮೊಟ್ಟೆಯಾಕಾರದ ಬೌಲ್ ತಗೊಂಡರೆ ಮುಂದೆ ಬೇರೆ ಕಂಪನಿಯ ಸೀಟೂ ಕೂರುತ್ತದೆ. ಚೌಕದ ಬೌಲ್ ನೋಡಲು ಬಹಳ ಚಂದ, ಆದರೆ ಅದೇ ಮಾಡೆಲಿನ ಸೀಟಿಗಾಗಿಯೇ ಅಲೆಯಬೇಕು. ಹಳೆ ಕಮೋಡಿನ ಕತೆಯೇ ಅದು.

ಸಾಮಗ್ರಿಯಲ್ಲಿ ಸಾಮಾನ್ಯವಾಗಿ ಎರಡು. ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಹಗುರ, ಅಗ್ಗ, ಬಾಗುತ್ತದೆ. ಬಿದ್ದರೆ ಒಡೆಯುವುದಿಲ್ಲ, ಆದರೆ ಗೀರು ಬೇಗ ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಇನ್ನೊಂದು ಯುಎಫ್, ಯೂರಿಯಾ ಫಾರ್ಮಾಲ್ಡಿಹೈಡ್. ಗಟ್ಟಿ, ತೂಕ ಜಾಸ್ತಿ, ಮುಟ್ಟಿದರೆ ಹೆಚ್ಚುಕಡಿಮೆ ಪಿಂಗಾಣಿ ಥರವೇ ಅನಿಸುತ್ತದೆ, ಗೀರು ಸುಲಭಕ್ಕೆ ಬೀಳುವುದಿಲ್ಲ. ಇದರ ತೊಂದರೆ ಅಂದರೆ ಜೋರಾಗಿ ಬಡಿದರೆ ಬಿರುಕು ಬಿಡುತ್ತದೆ. ಮರದ ಪುಡಿ ಒತ್ತಿ ಬಣ್ಣ ಹೊಡೆದ ಸೀಟುಗಳೂ ಇವೆ. ಮುಟ್ಟಿದರೆ ತಣ್ಣಗಿರುವುದಿಲ್ಲ ಅನ್ನೋದು ಅವುಗಳ ಗುಣ. ಆದರೆ ಬಣ್ಣ ಎದ್ದ ಕಡೆ ನೀರು ಇಳಿದು ಉಬ್ಬುತ್ತವೆ. ಸದಾ ಒದ್ದೆ ಇರುವ ಬಚ್ಚಲಿಗೆ ಸರಿಯಲ್ಲ.

ನಾನು ತಂದದ್ದು ಯುಎಫ್, ಸಾಫ್ಟ್ ಕ್ಲೋಸ್ ಇರುವುದು. ಬಡಿಯುವುದೇ ಯುಎಫ್‌ನ ಶತ್ರು, ಆದ್ದರಿಂದ ಈ ಎರಡು ಒಟ್ಟಿಗೆ ಇರಬೇಕು. ಸಾಫ್ಟ್ ಕ್ಲೋಸ್ ಹಿಂಜಿನೊಳಗೆ ಮಂದವಾದ ಸಿಲಿಕೋನ್ ಎಣ್ಣೆ ತುಂಬಿದ ಚಿಕ್ಕ ಉರುಳೆ ಇರುತ್ತದೆ. ಸೀಟ್ ಇಳಿಯುವಾಗ ಆ ಎಣ್ಣೆ ಸಂದಿಯಲ್ಲಿ ನಿಧಾನಕ್ಕೆ ಹರಿಯಬೇಕು, ಅದರಿಂದಲೇ ಸೀಟ್ ಮೆಲ್ಲಗೆ ಇಳಿಯುತ್ತದೆ. ಕೈಯಿಂದ ಒತ್ತಿ ಇಳಿಸಿದರೆ ಒಳಗಿನ ಸೀಲ್ ಸವೆದು ಎಣ್ಣೆ ಸೋರುತ್ತದೆ, ಆಮೇಲೆ ದಬ್ ಅಂತ ಬೀಳಲು ಶುರು. ಮನೆಗೆ ಬಂದವರಿಗೆ ಇದು ಗೊತ್ತಿರುವುದಿಲ್ಲ, ಒತ್ತಿಯೇ ಒತ್ತುತ್ತಾರೆ. ಹಾಗಾಗಿ ಹಿಂಜ್ ಸೆಟ್ ಬಿಡಿಯಾಗಿ ಸಿಗುವ ಸೀಟನ್ನೇ ಹುಡುಕಿದೆ.

ಹಿಂಜಿನಲ್ಲಿ ಇನ್ನೆರಡು ಸಂಗತಿ ನೋಡಿದೆ. ಒಂದು, ಬಟನ್ ಒತ್ತಿದರೆ ಸೀಟ್ ಪೂರ್ತಿ ಕಳಚಿ ಬರಬೇಕು. ಸೀಟಿನ ಬುಡದ ಸಂದಿಯಲ್ಲಿ ಸೇರುವ ಗಲೀಜು ಹಾಗಲ್ಲದೆ ಹೋಗುವುದೇ ಇಲ್ಲ. ಎರಡು, ನಟ್ಟು ಕೆಳಗಿನಿಂದ ಹಾಕುವುದೋ ಮೇಲಿನಿಂದಲೋ. ಕೆಳಗೆ ಕೈ ಹೋಗುವ ಕಮೋಡಾದರೆ ಕೆಳಗಿನ ನಟ್ಟು ಗಟ್ಟಿ. ಬದಿ ಮುಚ್ಚಿದ ಕಮೋಡಾದರೆ ಮೇಲಿನಿಂದ ಬಿಗಿಯುವ, ರಬ್ಬರ್ ಉಬ್ಬಿ ಹಿಡಿಯುವ ಥರದ್ದೇ ಗತಿ. ಅದು ಸಡಿಲವಾಗುವುದು ಜಾಸ್ತಿ.

ಚಿಕ್ಕ ಮಗುವಿದ್ದರೆ ಒಳಗೇ ಇನ್ನೊಂದು ಚಿಕ್ಕ ಸೀಟ್ ಇರುವ ಫ್ಯಾಮಿಲಿ ಸೀಟ್ ಸಿಗುತ್ತದೆ. ಚಿಕ್ಕದು ಮ್ಯಾಗ್ನೆಟ್ಟಿನಿಂದ ಮುಚ್ಚಳಕ್ಕೆ ಅಂಟಿಕೊಂಡು ಮೇಲೇ ನಿಲ್ಲುತ್ತದೆ. ಒಳ್ಳೆ ಉಪಾಯ. ನಮ್ಮ ಮಕ್ಕಳು ಆ ವಯಸ್ಸು ದಾಟುತ್ತಿರುವುದರಿಂದ ನಾವು ತರಲಿಲ್ಲ.

ತೆಗೆಯುವುದು, ಕೂರಿಸುವುದು

ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಲ್ಲಿ, ಅಂದರೆ ಆಂಗಲ್ ಕಾಕ್, ಮುಚ್ಚಿ ಫ್ಲಶ್ ಮಾಡಿದೆ. ಟ್ಯಾಂಕಿನ ತಳದಲ್ಲಿ ಉಳಿದ ನೀರನ್ನು, ಬೌಲಿನ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆದೆ. ಇದನ್ನು ಬಿಟ್ಟರೆ ಎತ್ತುವಾಗ ಎಲ್ಲ ಕಾಲ ಮೇಲೇ. ಕೈಗವಸು ಬೇಕೇ ಬೇಕು, ಒಡೆದ ಪಿಂಗಾಣಿ ಬ್ಲೇಡಿನಷ್ಟು ಹರಿತ.

ಬುಡದ ಸುತ್ತ ಬಿಳಿ ಸಿಮೆಂಟ್ ಮೆತ್ತಿದ್ದರು. ಅದನ್ನು ಚಿಕ್ಕ ಉಳಿಯಿಂದ ಮೆಲ್ಲಗೆ ತಟ್ಟಿ ತೆಗೆಯಲು ಉಳಿದ ಕೆಲಸಕ್ಕೆಲ್ಲ ಸೇರಿ ಹಿಡಿದದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಟೈಲ್ಸ್ ಒಡೆಯಬಾರದಲ್ವಾ. ಕಮೋಡ್ ಎತ್ತಿದ ಕೂಡಲೇ ಪೈಪಿನ ಬಾಯಿಗೆ ಹಳೆ ಬಟ್ಟೆ ತುರುಕಿದೆ. ಕೆಟ್ಟ ಗಾಳಿ ಬರಬಾರದು, ಸ್ಕ್ರೂ ಒಳಗೆ ಬೀಳಬಾರದು. ಆ ಗಾಳಿಯನ್ನು ಇಷ್ಟು ದಿನ ತಡೆದದ್ದು ಬೌಲಿನ ಬಾಗಿನಲ್ಲಿ ನಿಂತ ನೀರು. 50 ಮಿ.ಮೀ. ಆಳ ನಿಂತರೆ ಸಾಕು. ಈ ಬಾಗಿದ ಕೊಳವೆಗೆ 1775ರಲ್ಲಿ ಪೇಟೆಂಟ್ ಪಡೆದದ್ದು ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್.

ಹೊಸ ಬೌಲನ್ನು ಮೊದಲು ಸುಮ್ನೆ ಇಟ್ಟು ನೋಡಿದೆ. ಸ್ಪಿರಿಟ್ ಲೆವೆಲ್ ಅಡ್ಡಕ್ಕೂ ಉದ್ದಕ್ಕೂ ಇಟ್ಟೆ. ಒಂದು ಮೂಲೆ ಅಲ್ಲಾಡುತ್ತಿತ್ತು, ಪ್ಲಾಸ್ಟಿಕ್ ಪಟ್ಟಿ ಒಂದನ್ನು ಸಂದಿಗೆ ಸೇರಿಸಿದೆ. ಅಲ್ಲಾಡುವ ಕಮೋಡನ್ನು ಸ್ಕ್ರೂ ಬಿಗಿದು ಸರಿಮಾಡಲು ಹೋದರೆ ಬಿರುಕು ಖಂಡಿತ. ತೂತುಗಳ ಗುರುತು ಹಾಕಿ, ಬೌಲ್ ಪಕ್ಕಕ್ಕಿಟ್ಟು, ಟೈಲ್ಸಿನ ಬಿಟ್ ಹಾಕಿ ಡ್ರಿಲ್ ಮಾಡಿದೆ. ಟೈಲ್ಸ್ ದಾಟುವ ತನಕ ಹ್ಯಾಮರ್ ಮೋಡ್ ಆಫ್ ಇರಲಿ.

ಪೈಪಿನ ಜೋಡಣೆಗೆ ರಬ್ಬರ್ ಸೀಲ್ ಇರುವ ಕನೆಕ್ಟರ್ ಬಳಸಿದೆ. ಸೀಲಿಗೆ ಸೋಪಿನ ನೀರು ಸವರಿದರೆ ಜಾರಿ ಕೂರುತ್ತದೆ, ಗ್ರೀಸ್ ಬೇಡ, ರಬ್ಬರ್ ಕೆಡಬಹುದು. ಬೌಲ್ ಇಳಿಸುವ ಮೊದಲು ಪೈಪಿನ ಬಟ್ಟೆ ತೆಗೆಯುವುದನ್ನು ಮರೆಯಬೇಡಿ. ನಾನೂ ತಮ್ಮನೂ ಇಬ್ಬರೂ ಹಿಡಿದು ನೇರಕ್ಕೆ ಇಳಿಸಿದೆವು. ಸ್ಕ್ರೂಗಳನ್ನು ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಬಿಗಿಯುತ್ತಾ ಬಂದೆವು.

“ಅಣ್ಣಾ, ಇನ್ನೊಂದು ಸುತ್ತು ಹಾಕ್ಲಾ?” ಅಂದ.

“ಬೇಡ್ವೋ, ಅಲ್ಲಾಡ್ತಿಲ್ಲ ತಾನೆ? ಸಾಕು ಬಿಡು.”

ಟ್ಯಾಂಕನ್ನು ಬೌಲಿಗೆ ಸೇರಿಸುವ ಬೋಲ್ಟುಗಳಿಗೂ ಇದೇ ನಿಯಮ. ನಡುವಿನ ದಪ್ಪ ರಬ್ಬರ್ ವಾಷರ್ ಸಮನಾಗಿ ಒತ್ತಿಕೊಂಡರೆ ಸಾಕು. ಒಳಗೆ ಬರುವ ನೀರಿನ ಪೈಪನ್ನು ಟ್ಯಾಂಕಿಗೆ ಜೋಡಿಸುವ ಮೊದಲು ಬಕೆಟ್ಟಿಗೆ ಒಂದಿಷ್ಟು ನೀರು ಬಿಟ್ಟೆ. ಪೈಪಿನಲ್ಲಿದ್ದ ತುಕ್ಕು, ಮರಳು ಹೊಸ ವಾಲ್ವಿನ ಜಾಲರಿಗೆ ಹೋಗಿ ಕೂರಬಾರದು ಅಂತ. ಫ್ಲೋಟನ್ನು ಒಳಗಿನ ಗುರುತಿಗೆ ಸರಿಯಾಗಿ ಹೊಂದಿಸಿದೆ. ಗುರುತು ಇಲ್ಲದಿದ್ದರೆ, ಹೆಚ್ಚಾದ ನೀರು ಬೌಲಿಗೆ ಇಳಿಯುವ ಓವರ್‌ಫ್ಲೋ ಕೊಳವೆಯ ತುದಿಗಿಂತ 25 ಮಿ.ಮೀ. ಕೆಳಗೆ ನೀರು ನಿಲ್ಲಬೇಕು.

ನಾಕಾರು ಸಲ ಫ್ಲಶ್ ಮಾಡಿ, ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಒತ್ತಿ ನೋಡಿದೆ. ಕಣ್ಣಿಗೆ ಕಾಣದ ಪಸೆ ಕಾಗದದಲ್ಲಿ ಕಾಣುತ್ತದೆ. ಆಮೇಲೆ ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟೆ. ಬೌಲಿನ ನೀರಿಗೆ ಬಣ್ಣ ಬಂದರೆ ವಾಲ್ವ್ ಸೋರುತ್ತಿದೆ ಅಂತ. ಬರಲಿಲ್ಲ. ಹಳೆ ಕಮೋಡುಗಳಿಗೂ ಈ ಪರೀಕ್ಷೆ ಮಾಡಿ ನೋಡಿ. ಸದ್ದಿಲ್ಲದ ಸೋರಿಕೆ ದಿನಕ್ಕೆ ನೂರಾರು ಲೀಟರ್ ತಿಂದು ಹಾಕಬಲ್ಲದು. ಸೋರುತ್ತಿದ್ದರೆ ಮೊದಲು ವಾಲ್ವನ್ನು ಬಿಚ್ಚಿ ಅದರ ತಳದ ರಬ್ಬರ್ ಬಳೆಯನ್ನು ತೊಳೆಯಿರಿ. ಎರಡು ಬಟನ್ನಿನ ವಾಲ್ವುಗಳಲ್ಲಿ ಬಹುಪಾಲು ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತವೆ. ಗಡಸು ನೀರಿನ ಬಿಳಿ ಪುಡಿ ಅಲ್ಲೇ ಕೂತಿರುತ್ತದೆ.

ಕೊನೆಗೆ ಬುಡದ ಸುತ್ತ ಸಿಲಿಕೋನ್. ಹಿಂಬದಿಯಲ್ಲಿ ಒಂದು ಚಿಕ್ಕ ಸಂದಿ ಬಿಟ್ಟೆ. ಪೈಪಿನ ಜೋಡಣೆ ಮುಂದೆ ಯಾವತ್ತಾದರೂ ಸೋರಿದರೆ ನೀರು ಅಲ್ಲಿಂದ ಹೊರಗೆ ಬಂದು ಕಾಣಿಸುತ್ತದೆ. ಸುತ್ತ ಪೂರ್ತಿ ಮುಚ್ಚಿದರೆ ಅದು ಟೈಲ್ಸಿನಡಿಯೇ ಹರಿಯುತ್ತಿರುತ್ತದೆ, ನಮಗೆ ಗೊತ್ತಾಗುವುದು ಕೆಳಗಿನ ಚಾವಣಿ ಒದ್ದೆಯಾದಾಗ.

ಬಳಸಲು ಶುರುಮಾಡಿದ ಮೇಲೆ

ಸೀಟ್ ಸ್ವಲ್ಪ ಪಕ್ಕಕ್ಕೆ ಸರಿಯಿತು. ಹೊಸ ಸೀಟಿನ ರಬ್ಬರ್ ವಾಷರ್ ಭಾರಕ್ಕೆ ಒತ್ತಿಕೊಂಡು ನಟ್ಟು ಸಡಿಲವಾಗುವುದು ಸಹಜ. ಕೈಯಲ್ಲೇ ಮತ್ತೆ ಬಿಗಿದೆ, ಆಮೇಲೆ ಸರಿದಿಲ್ಲ. ಪ್ಲಾಸ್ಟಿಕ್ ನಟ್ಟಿಗೆ ಸ್ಪ್ಯಾನರ್ ಹಾಕಬೇಡಿ.

ತೊಳೆಯುವ ವಿಷಯದಲ್ಲಿ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ. ಆಸಿಡ್ ಇರುವ ಕ್ಲೀನರ್ ಬೌಲಿನೊಳಗೆ ಮಾತ್ರ. ಸೀಟಿಗೂ ಹಿಂಜಿಗೂ ತಾಗಬಾರದು, ಸ್ಟೀಲ್ ಆದರೂ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ. ಸೀಟಿಗೆ ಸೋಪಿನ ನೀರು, ಮೆತ್ತನೆ ಬಟ್ಟೆ. ಟ್ಯಾಂಕಿನೊಳಗೆ ಹಾಕುವ ಬ್ಲೀಚ್ ಮಾತ್ರೆ ಬೇಡವೇ ಬೇಡ, ಅದು ವಾಲ್ವಿನ ರಬ್ಬರನ್ನೇ ತಿನ್ನುತ್ತದೆ. ಆಸಿಡ್ಡನ್ನೂ ಬ್ಲೀಚನ್ನೂ ಒಟ್ಟಿಗೆ ಯಾವತ್ತೂ ಬಳಸಬಾರದು, ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ವಾಲ್ವಿನ ರಬ್ಬರ್ ಬಳೆ, ಟ್ಯಾಂಕಿನ ವಾಷರ್, ಹಿಂಜ್ ಸೆಟ್ ತಲಾ ಒಂದೊಂದು ಈಗಲೇ ತಂದು ಡಬ್ಬಿಯಲ್ಲಿ ಹಾಕಿಟ್ಟೆ. ಕಮೋಡಿನ ಮಾಡೆಲ್ ನಂಬರ್ ಟ್ಯಾಂಕಿನ ಒಳಗೋಡೆಯ ಮೇಲೆ ಒತ್ತಿರುತ್ತಾರೆ. ಅದರ ಫೋಟೋ, ಸೀಟಿನ ಮೂರು ಅಳತೆ ಬರೆದ ಚೀಟಿ ಎರಡೂ ಅದೇ ಡಬ್ಬಿಯಲ್ಲಿವೆ.